ಕಾರ್ಬ್ಯುರೇಟರ್ ತೊಳೆದರೆ ಸಾಲದು, ಪೆಟ್ರೋಲ್ ಬರುವ ದಾರಿಯನ್ನೂ ನೋಡಬೇಕು

ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರವೆಂದ ಮೇಲೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಅದರ ಕಾರ್ಬ್ಯುರೇಟರನ್ನು ವರ್ಷವರ್ಷವೂ ಬಿಚ್ಚಿ ತೊಳೆಯಲೇಬೇಕು ಎಂದು ನಂಬಿದವರು ಬಹಳ ಮಂದಿ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ತೊಳೆದು ಜೋಡಿಸಿದ ಕಾರ್ಬ್ಯುರೇಟರ್ ಕೆಲವೇ ವಾರಗಳಲ್ಲಿ ಮತ್ತೆ ಕಟ್ಟಿಕೊಂಡರೆ, ನಾವು ಮೊದಲು ನೋಡಬೇಕಾದದ್ದು ಪೆಟ್ರೋಲ್ ತುಂಬಿಟ್ಟ ಕ್ಯಾನು, ಟ್ಯಾಂಕಿನ ತಳ ಮತ್ತು ಅಲ್ಲಿಂದ ಇಳಿದುಬರುವ ರಬ್ಬರ್ ಕೊಳವೆಯನ್ನು. ಇವುಗಳನ್ನು ಹಾಗೆಯೇ ಬಿಟ್ಟು ಹೊಸ ಕಾರ್ಬ್ಯುರೇಟರನ್ನೇ ತಂದು ಹಾಕಿದರೂ ಅದಕ್ಕೂ ಅದೇ ಗತಿ ಬರುತ್ತದೆ.

ಈ ತೊಂದರೆಯ ಮೂಲ ಬಹುತೇಕ ಸಂದರ್ಭಗಳಲ್ಲಿ ನಿಂತ ಪೆಟ್ರೋಲೇ ಆಗಿರುತ್ತದೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಅಂಟಾಗಿ, ಕೊನೆಗೆ ವಾರ್ನಿಷ್ ಬಳಿದಂತಹ ಕಂದು ಪದರವಾಗಿ ಗಟ್ಟಿಯಾಗುತ್ತದೆ. ಕಾರ್ಬ್ಯುರೇಟರಿನ ತಳದ ಪುಟ್ಟ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿ ನಿಲ್ಲುವ ಪೆಟ್ರೋಲ್ ಬಹಳ ಸ್ವಲ್ಪ, ಆ ಬೌಲ್‌ಗೆ ಹೊರಗಿನ ಗಾಳಿಯ ಸಂಪರ್ಕವೂ ಇರುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿರುವುದಕ್ಕಿಂತ ಮೊದಲೇ ಇಲ್ಲಿಯದು ಕೆಡುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್‌ನ ರಂಧ್ರವಾದರೋ ಒಂದು ಮಿಲಿಮೀಟರಿಗಿಂತಲೂ ಕಿರಿದು. ಅದರ ಅಂಚಿನಲ್ಲಿ ತೆಳ್ಳನೆಯ ಪದರ ಕಟ್ಟಿದರೂ ಎಂಜಿನ್‌ಗೆ ಸಿಗಬೇಕಾದಷ್ಟು ಪೆಟ್ರೋಲ್ ಸಿಗುವುದಿಲ್ಲ. ಗಾಳಿಯನ್ನು ತಗ್ಗಿಸುವ ಚೋಕ್ ಎಳೆದರೆ ಮಾತ್ರ ಓಡುವುದು, ವೇಗ ತಾನೇ ತಾನಾಗಿ ಏರುತ್ತಾ ಇಳಿಯುತ್ತಾ ಇರುವುದು ಸಾಮಾನ್ಯವಾಗಿ ಇದರ ಲಕ್ಷಣಗಳು.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಹೊರಬೀಳುವ ದಾರಿ ಇರುವುದೂ ಆ ತಳದಲ್ಲಿಯೇ ಆದ್ದರಿಂದ ಕಾರ್ಬ್ಯುರೇಟರನ್ನು ಮೊದಲು ಸೇರುವುದು ಆ ಮಿಶ್ರಣವೇ. ಬೌಲ್ ಬಿಚ್ಚಿದಾಗ ಕಾಣುವ ಬಿಳಿಯ ಪುಡಿ ಲೋಹ ತುಕ್ಕು ಹಿಡಿದುದರ ಗುರುತು. ಇಂಥ ಸಣ್ಣ ಎಂಜಿನ್‌ಗಳ ತಯಾರಕರು ಸಾಮಾನ್ಯವಾಗಿ ಶೇಕಡಾ 10ರವರೆಗಿನ ಎಥನಾಲನ್ನು ಮಾತ್ರ ಒಪ್ಪುತ್ತಾರೆ. ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವ ಕಡೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳುವುದು ಲೇಸು. ಯಾವುದನ್ನು ಕೊಂಡರೂ ಒಂದು ತಿಂಗಳಲ್ಲಿ ಮುಗಿಯುವಷ್ಟನ್ನೇ ಕೊಂಡು, ಕ್ಯಾನಿನ ಮೇಲೆ ತಾರೀಖು ಬರೆದು, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಡಬೇಕು. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಉಪಯುಕ್ತವೇ ಹೌದು, ಆದರೆ ಅದನ್ನು ತಾಜಾ ಪೆಟ್ರೋಲಿಗೆ ಹಾಕಿ, ಕಾರ್ಬ್ಯುರೇಟರಿಗೂ ತಲುಪುವಂತೆ ಎಂಜಿನ್ನನ್ನು ಹತ್ತು ನಿಮಿಷ ಓಡಿಸಬೇಕು. ಆಗಲೇ ಕೆಟ್ಟ ಪೆಟ್ರೋಲನ್ನು ಅದು ಸರಿಪಡಿಸಲಾರದು.

ತಿಂಗಳುಗಟ್ಟಲೆ ಯಂತ್ರವನ್ನು ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಬೇಕೋ ಖಾಲಿ ಮಾಡಬೇಕೋ ಎಂಬ ಚರ್ಚೆಯಲ್ಲಿ ನಾನು ಖಾಲಿ ಮಾಡುವವರ ಪಕ್ಷ. ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರಿದ್ದಾರೆ. ಆದರೆ ಬೌಲ್‌ನ ಮಟ್ಟ ಜೆಟ್‌ಗಿಂತ ಕೆಳಗಿಳಿದ ಕೂಡಲೇ ಎಂಜಿನ್ ನಿಲ್ಲುವುದರಿಂದ ತಳದಲ್ಲಿ ಸ್ವಲ್ಪ ಪೆಟ್ರೋಲ್ ಉಳಿದೇ ಇರುತ್ತದೆ, ಮುಂದೆ ಅಂಟಾಗುವುದು ಅದೇ. ಎಂಜಿನ್ ತಣಿದ ಮೇಲೆ, ಬಯಲಿನಲ್ಲಿ, ಬೌಲ್‌ನ ತಳದ ಬೋಲ್ಟನ್ನು ಸಡಿಲಿಸಿ ಅದನ್ನೂ ಹೊರಹಾಕಬೇಕು.

ಕಸವೂ ಇಷ್ಟೇ ಹಾನಿ ಮಾಡುತ್ತದೆ. ಮುಚ್ಚಳದ ಸುತ್ತಲಿನ ಹುಲ್ಲಿನ ಚೂರನ್ನು ಒರೆಸದೆ ಪೆಟ್ರೋಲ್ ಸುರಿದರೆ ಅದು ಒಳಗೇ ಬೀಳುತ್ತದೆ. ಹಳೆಯ ರಬ್ಬರ್ ಕೊಳವೆ ಒಳಗಿನಿಂದ ಕರಗಿ ಕಪ್ಪು ಚೂರುಗಳನ್ನು ಉದುರಿಸುತ್ತದೆ. ಫಿಲ್ಟರ್ ಕಾರ್ಬ್ಯುರೇಟರಿನ ಹತ್ತಿರವೇ ಇದ್ದು, ಬಾಣದ ಗುರುತು ಅದರ ಕಡೆಗೆ ತಿರುಗಿರಬೇಕು. ಬೌಲ್ ತುಂಬಿದಾಗ ಪೆಟ್ರೋಲನ್ನು ತಡೆಯುವ ಸೂಜಿ ಕವಾಟದಲ್ಲಿ ಕಸದ ಒಂದು ಕಣ ಸಿಕ್ಕಿಕೊಂಡರೂ ಪೆಟ್ರೋಲ್ ತುಂಬಿ ಹರಿದು ಎಂಜಿನ್ ಆಯಿಲ್‌ಗೆ ಸೇರಬಹುದು. ಆಯಿಲ್ ಮಟ್ಟ ಕಾರಣವಿಲ್ಲದೆ ಏರಿ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಯಂತ್ರವನ್ನು ಓಡಿಸಲೇಬಾರದು. ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ಕೈಯಿಂದ ನಿಲ್ಲಿಸುವ ಕವಾಟವಿರುವ ಯಂತ್ರಗಳಲ್ಲಿ ಪ್ರತಿ ಸಲವೂ ಅದನ್ನು ಮುಚ್ಚಿಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಕೆಲವೊಮ್ಮೆ ಕಾರ್ಬ್ಯುರೇಟರ್ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡುತ್ತದೆ. ಬ್ಲೇಡ್ ಶುಚಿಗೊಳಿಸಲು ಯಂತ್ರವನ್ನು ತಪ್ಪು ಬದಿಗೆ ವಾಲಿಸಿದರೆ ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆದು ಉಸಿರುಕಟ್ಟುತ್ತದೆ. ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಮೇಲ್ಮುಖವಾಗಿರುವಂತೆ, ಸ್ಪಾರ್ಕ್ ಪ್ಲಗ್‌ನ ತಂತಿ ಕಳಚಿ, ವಾಲಿಸಬೇಕು.

ಬಿಚ್ಚಲೇಬೇಕಾದ ಸಂದರ್ಭ ಬಂದರೆ ಜೆಟ್‌ಗೆ ಉಕ್ಕಿನ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತುವಾದದ್ದು, ರಂಧ್ರ ಒಂದಿಷ್ಟು ಅಗಲವಾದರೂ ಮಿಶ್ರಣದ ಅಳತೆ ತಪ್ಪುತ್ತದೆ. ನೈಲಾನ್ ಎಳೆ ಮತ್ತು ಕ್ಲೀನರ್ ಸ್ಪ್ರೇ ಸಾಕು, ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಭಾಗಗಳನ್ನು ತೆಗೆದಿಡಬೇಕು. ಅದೇ ದಿನ ಟ್ಯಾಂಕನ್ನೂ ತೊಳೆದು, ಕೊಳವೆ, ಫಿಲ್ಟರ್‌ಗಳನ್ನು ಬದಲಿಸಿ, ತಾಜಾ ಪೆಟ್ರೋಲ್ ಹಾಕಿ, ಎಂಜಿನ್ ಶುರುಮಾಡುವ ಮೊದಲು ಬೌಲ್‌ನ ಸುತ್ತ ಎಲ್ಲಿಯಾದರೂ ಜಿನುಗುತ್ತಿದೆಯೇ ಎಂದು ಕೆಲವು ನಿಮಿಷ ಕಾದು ನೋಡಿ.