ವೆಂಬ್ಲಿ ಅಂದ್ರೆ ಯಾವ ವೆಂಬ್ಲಿ?

ಸಾಗರದ ಕಡೆ ಅಡಿಕೆ ಸುಲಿಯುವ ಚಪ್ಪರದಲ್ಲಿ ರಾತ್ರಿ ಹತ್ತರ ಮೇಲೆ ಮಾತು ಯಾವ ಕಡೆ ತಿರುಗುತ್ತದೆ ಅಂತ ಹೇಳುವುದು ಕಷ್ಟ. ಧಾರಣೆಯಿಂದ ಶುರುವಾಗುತ್ತದೆ. ಕೊಳೆ ರೋಗಕ್ಕೆ ಬರುತ್ತದೆ. ಯಾರದೋ ಮನೆಯ ಆಸ್ತಿ ಪಾಲಿನ ಕಥೆ ಸಿಕ್ಕರೆ ಅಲ್ಲೇ ಸ್ವಲ್ಪ ಹೊತ್ತು ಕೂರುತ್ತದೆ. ನಮ್ಮ ಮನೆಯಲ್ಲಿ ಮಾತ್ರ, ಭಾವ ಬಂದಿದ್ದರೆ, ಎಲ್ಲ ಸುತ್ತಿ ಕೊನೆಗೆ ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಗಂಟಲಿಗೆ ಹೋಗಿ ನಿಲ್ಲುತ್ತದೆ.

ಭಾವ ಎಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದಲ್ಲಿ ಓದಿದವರು. ದುರ್ಗಿಗುಡಿಯ ರೂಮಿನಲ್ಲಿ ಜೊತೆಗಿದ್ದವರು ಡಿಗ್ರಿ ತಗೊಂಡು ಹೋದರು, ಇವರು ಡಿಗ್ರಿಯ ಜೊತೆಗೆ ಕ್ವೀನ್ ಬ್ಯಾಂಡಿನ ಹುಚ್ಚನ್ನೂ ತಗೊಂಡು ಬಂದರು. ಅವರ ಎದುರಾಳಿ ನಮ್ಮ ಚಿಕ್ಕಪ್ಪನ ಮಗ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕೊಯ್ಲಿನ ಹೊತ್ತಿಗೆ ವರ್ಕ್ ಫ್ರಮ್ ಹೋಮ್ ಅಂತ ಬರುತ್ತಾನೆ, ನೆಟ್‌ವರ್ಕ್ ಇಲ್ಲ ಅಂತ ಎರಡೂ ಕೆಲಸ ಬಿಡುತ್ತಾನೆ. ಫ್ರೆಡ್ಡಿ ಸ್ಟೇಜ್ ಮೇಲೆ ಹಾಡಿದ್ದರಲ್ಲಿ ಯಾವುದು ಬೆಸ್ಟು ಅನ್ನುವುದು ಇಬ್ಬರ ನಡುವಿನ ಜಗಳ.

"ವೆಂಬ್ಲಿ" ಅಂದರು ಭಾವ. ಲಂಡನ್ನಿನ ದೊಡ್ಡ ಸ್ಟೇಡಿಯಮ್ಮು ಅದು.

"ಅದನ್ನೇ ನಾನೂ ಹೇಳಿದ್ದು, ವೆಂಬ್ಲಿ" ಅಂದ ಇವನು.

ಇಷ್ಟಕ್ಕೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಎರಡು ಗಂಟೆ ಹತ್ತಿರ ಹಾಡಿದ್ದಾನೆ, ಒಂದು ಕಡೆ ಸುಸ್ತಿಲ್ಲ ಅಂತ ಭಾವ. ಇಪ್ಪತ್ತೇ ನಿಮಿಷ ಭಾವ, ಸುಮ್ನೆ ಎಂತೆಂತದೋ ಹೇಳಬೇಡಿ ಅಂತ ಇವನು. ಹಳದಿ ಜಾಕೆಟ್ಟು ಅಂತ ಅವರು. ಬಿಳಿ ಬನಿಯನ್ನು ಅಂತ ಇವನು. ಜಗಳ ಸುಮಾರು ಮುಂದೆ ಹೋದ ಮೇಲೆ, ಮೆಟ್ಟುಗತ್ತಿಯಿಂದ ತಲೆ ಎತ್ತದೆಯೇ ಅಕ್ಕ ಕೇಳಿದಳು. "ಒಬ್ರು ಹಳದಿ ಅಂತೀರಿ, ಒಬ್ರು ಬಿಳಿ ಅಂತೀರಿ. ಅದು ಎರಡು ಬೇರೆ ಬೇರೆ ದಿನ ಇರಬೇಕಪ್ಪ."

ಹೌದು. ಬಿಳಿ ಬನಿಯನ್ನಿನದು 1985ರ ಜುಲೈ 13, ಲೈವ್ ಏಡ್. ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಎತ್ತಲು ಮಾಡಿದ ಕಾರ್ಯಕ್ರಮ. ಕ್ವೀನ್‌ಗೆ ಸಿಕ್ಕಿದ್ದು ಸುಮಾರು ಇಪ್ಪತ್ತು ನಿಮಿಷ. ಹಳದಿ ಜಾಕೆಟ್ಟಿನದು 1986ರ ಜುಲೈ 11 ಮತ್ತು 12, ಬ್ಯಾಂಡಿನದೇ ಸ್ವಂತ ಕಾರ್ಯಕ್ರಮ. ಇಷ್ಟು ಸಾಲದು ಅಂತ 1992ರ ಏಪ್ರಿಲ್ 20ಕ್ಕೆ, ಫ್ರೆಡ್ಡಿ ತೀರಿಕೊಂಡ ಮೇಲೆ, ಅದೇ ವೆಂಬ್ಲಿಯಲ್ಲಿ ಅವನ ನೆನಪಿಗೆ ಇನ್ನೊಂದು ನಡೆಯಿತು. ಅಲ್ಲಿ ಜಾರ್ಜ್ ಮೈಕೆಲ್ 'ಸಮ್‌ಬಡಿ ಟು ಲವ್' ಹಾಡಿದ್ದು ಈಗಲೂ ಜನರ ಬಾಯಲ್ಲಿದೆ. ಬ್ಯಾಂಡು ಇವರದೇ, ಗಂಟಲು ಬೇರೆಯವನದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಇನ್ನೊಂದು ಸುತ್ತು ಶುರುವಾಯಿತು.

"ಎಂತ ಮಾರಾಯ, ಒಂದೇ ಜಾಗದಲ್ಲಿ ಇಷ್ಟು ಸಲವನಾ?" ಅಂದರು ಚಿಕ್ಕಪ್ಪ. "ಹರಕೆ ಆಟವಾ ಅದು?"

ನನ್ನ ವೋಟು 1981ರ ನವೆಂಬರಿನ ಮಾಂಟ್ರಿಯಲ್‌ಗೆ. ಸ್ಟೇಡಿಯಮ್ಮಿನಲ್ಲಿ ಅವನು ಜನರನ್ನು ಹಿಡಿದಿಡಲು ಹಾಡುತ್ತಾನೆ. ಮಾಂಟ್ರಿಯಲ್‌ನಲ್ಲಿ ಸೂರಿನ ಕೆಳಗೆ, ಹಾಡಿಗಾಗಿ ಹಾಡುತ್ತಾನೆ. ಇದನ್ನು ಚೆನ್ನಾಗಿ ವಿವರಿಸಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಮಾತ್ರ, ನಿನ್ನ ಬುಟ್ಟಿ ಖಾಲಿ ಆಗಿದೆ, ತುಂಬಿಕೋ ಅಂದಳು.

ಸರಿ, ಹಾಕಿಯೇ ಕೇಳಿ ತೀರ್ಮಾನ ಮಾಡೋಣ ಅಂತ ಆಯಿತು. ತೊಂದರೆ ಏನೆಂದರೆ ಹಸಿ ಅಡಿಕೆ ಸುಲಿಯುವವರ ಕೈಯೆಲ್ಲ ಕರೆ. ಆ ಕೈಯಲ್ಲಿ ಫೋನು ಮುಟ್ಟಿದರೆ ಪರದೆ ಕಪ್ಪಾಗುತ್ತದೆ, ಬೆರಳನ್ನು ಅದು ಗುರುತೂ ಹಿಡಿಯುವುದಿಲ್ಲ. ಚಿಕ್ಕಪ್ಪನ ಮಗ ಮೂಗಿನಿಂದ ಯೂಟ್ಯೂಬ್ ಒತ್ತತೊಡಗಿದ. ಮೊದಲು ಟ್ರ್ಯಾಕ್ಟರ್ ಜಾಹೀರಾತು ಬಂತು. ಅದನ್ನು ಸ್ಕಿಪ್ ಮಾಡಲು ಹೋಗಿ ಮೂಗು ಸ್ವಲ್ಪ ಕೆಳಗೆ ತಾಗಿ 'ಇಂದಿನ ಅಡಿಕೆ ಧಾರಣೆ' ಶುರುವಾಯಿತು. ಇಡೀ ಚಪ್ಪರ ಗಪ್‌ಚುಪ್. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಮುಗಿಯುವ ತನಕ ಒಂದು ಕತ್ತಿಯ ಸದ್ದಿಲ್ಲ. ಆ ರಾತ್ರಿಯ ಬೆಸ್ಟ್ ಲೈವ್ ಪರ್ಫಾರ್ಮೆನ್ಸ್ ಅದೇ ಇರಬೇಕು.

ಆಮೇಲೆ 86ರ ವೆಂಬ್ಲಿ ಸಿಕ್ಕಿತು. ಭಾವ ಕಣ್ಣು ಮುಚ್ಚಿ ಕೂತರು. ಒಂದು ಕಡೆ ಬಂದಾಗ ಕೈ ಎತ್ತಿ, "ಈಗ ಬರ್ತದೆ ನೋಡಿ, ಆ ನಡುಕ" ಅಂದರು. ನಡುಕ ಬರಲಿಲ್ಲ. ದನಿ ನೆಟ್ಟಗೆ ಹೋಗಿ ನೆಟ್ಟಗೆ ನಿಂತಿತು. ಹಿಂದೆ ಹಾಕಿ ಮತ್ತೆ ಕೇಳಿದರೂ ಇಲ್ಲ.

ಭಾವನ ಹತ್ತಿರ ಇದ್ದಿದ್ದು ಯಾರದೋ ಕ್ಯಾಸೆಟ್ಟಿನಿಂದ ಕಾಪಿ ಮಾಡಿಸಿದ ಕ್ಯಾಸೆಟ್ಟು. ಮೇಲೆ ಬಾಲ್‌ಪೆನ್ನಿನಲ್ಲಿ ವೆಂಬ್ಲಿ ಅಂತ ಬರೆದಿತ್ತು, ಇಸವಿ ಇರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಕ್ಯಾಸೆಟ್ಟನ್ನು ಬಿಡುತ್ತದಾ? ಬೂಸ್ಟು ಹಿಡಿದ ಟೇಪು ಎಳೆದು ಎಳೆದು ಓಡುತ್ತಿತ್ತು. ಇಷ್ಟು ವರ್ಷ ಭಾವ ಮರುಳಾಗಿದ್ದು ಆ ಎಳೆತಕ್ಕೆ. ಚಿಕ್ಕಪ್ಪನ ಮಗ ಇದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ. ಭಾವ ಒಪ್ಪಲಿಲ್ಲ. "ಯೂಟ್ಯೂಬಿನವರು ಕ್ಲೀನ್ ಮಾಡುವಾಗ ತೆಗೆದಿದ್ದಾರೆ" ಅಂದರು.

ಇವನು ಅಲ್ಲಿಗೂ ಬಿಡಲಿಲ್ಲ. ಸ್ಟೇಜ್ ಮೇಲೆ ತೀರಾ ಮೇಲಿನ ಸ್ವರಗಳನ್ನು ಫ್ರೆಡ್ಡಿ ಎಷ್ಟೋ ಸಲ ತಗ್ಗಿಸಿ ಹಾಡುತ್ತಿದ್ದ, ಹಿಂದೆ ಡ್ರಮ್ಸ್ ಬಾರಿಸುವ ರೋಜರ್ ಟೇಲರ್ ಮೇಲಿನದನ್ನು ಹಿಡಿಯುತ್ತಿದ್ದ ಅಂದ. ಅದು ನಿಜವೇ. 'ಬೊಹೀಮಿಯನ್ ರಾಪ್ಸೊಡಿ'ಯ ನಡುವಿನ ಆಪೆರಾ ಭಾಗಕ್ಕಂತೂ ಎಲ್ಲರೂ ಸ್ಟೇಜಿನಿಂದ ಒಳಗೆ ಹೋಗಿ ಟೇಪ್ ಹಾಕುತ್ತಿದ್ದರು.

ಸ್ವಲ್ಪ ಹೊತ್ತಿನಿಂದ ಸುಮ್ಮನಿದ್ದ ಚಿಕ್ಕಪ್ಪ ಕತ್ತಿಯಿಂದ ಎದ್ದೇಬಿಟ್ಟರು. "ಎಂತ? ಭಾಗವತ ಒಳಗೆ ಹೋಗಿ ಟೇಪ್ ಹಾಕೋದಾ?"

ಚಿಕ್ಕಪ್ಪನಿಗೆ ಲೋಕದಲ್ಲಿ ಇರುವುದು ಒಂದೇ ಗಂಟಲು, ಯಕ್ಷಗಾನದ ಭಾಗವತ ಕಾಳಿಂಗ ನಾವಡರದು. 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ಹೋದರು. ಅದರ ಮರುವರ್ಷ ಫ್ರೆಡ್ಡಿ. ಇಬ್ಬರ ಅಭಿಮಾನಿಗಳೂ ಅಲ್ಲಿಂದ ಇಲ್ಲಿತನಕ ಕ್ಯಾಸೆಟ್ಟು ತಿರುಗಿಸುತ್ತಲೇ ಇದ್ದಾರೆ. ಆದರೆ ಚಿಕ್ಕಪ್ಪನ ಹತ್ತಿರ ಒಂದು ಅಸ್ತ್ರ ಇದೆ, ಅದು ನಮ್ಮ ಮೂವರಿಗೂ ಇಲ್ಲ. ಎದುರಿಗೆ ಕೂತು ಕೇಳಿದ್ದೇನೆ ಅನ್ನುತ್ತಾರೆ. ನಾವು ಏನು ಹೇಳುವುದು? ಲೈವ್ ಏಡ್‌ನಲ್ಲಿ ಕ್ವೀನ್ ಸ್ಟೇಜ್ ಹತ್ತಿದಾಗ ನಮ್ಮಲ್ಲಿ ರಾತ್ರಿ ಹನ್ನೊಂದು ಕಳೆದಿತ್ತು, ಜುಲೈ ತಿಂಗಳು, ನಮ್ಮೂರಲ್ಲಿ ಕರೆಂಟೂ ಇದ್ದಿರಲಿಕ್ಕಿಲ್ಲ.

"ಹೋಗಲಿ, ಅವನದು ಕಪ್ಪು ಎಷ್ಟು?" ಅಂತ ಶ್ರುತಿ ವಿಚಾರಿಸಿದರು ಚಿಕ್ಕಪ್ಪ. ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಅಷ್ಟೇ ಬೇಕಿತ್ತು.

ಭಾವ ಕೊನೆಗೆ ಪಂಚಗಣಿಯನ್ನು ಹೊರತೆಗೆದರು. ಫ್ರೆಡ್ಡಿ ಹುಟ್ಟಿದ್ದು ಜಾಂಜಿಬಾರಿನಲ್ಲಿ, ಪಾರ್ಸಿ ಮನೆಯಲ್ಲಿ, ಹೆಸರು ಫರೋಖ್ ಬುಲ್ಸಾರಾ. ಶಾಲೆಗೆ ಸೇರಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ, ಬೋರ್ಡಿಂಗ್ ಸ್ಕೂಲು. ಪಿಯಾನೋ ಕಲಿತು ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. "ಪಂಚಗಣಿ ಅಂದ್ರೆ ಸಹ್ಯಾದ್ರಿ ಮಾವ. ನಮ್ಮದೇ ಘಟ್ಟ, ನಮ್ಮದೇ ಮಳೆ."

ಚಿಕ್ಕಪ್ಪ ಸ್ವಲ್ಪ ಯೋಚನೆ ಮಾಡಿದರು. "ಘಟ್ಟದ ಮಾಣಿಯಾ? ಹಂಗಾರೆ ಹಾಕಿ, ಕೇಳುವ."

ಈ ಸಲ ಲೈವ್ ಏಡ್ ಹಾಕಿದೆವು. ಎರಡು ಹಾಡುಗಳ ನಡುವೆ ಫ್ರೆಡ್ಡಿ ಒಬ್ಬನೇ ನಿಂತು 'ಏಏಯ್ ಓ' ಅಂತ ಕೂಗುತ್ತಾನೆ, ಸುಮಾರು 72 ಸಾವಿರ ಜನ ಅದನ್ನೇ ತಿರುಗಿ ಕೂಗುತ್ತಾರೆ. ಚಪ್ಪರದಲ್ಲಿ ನಾವೂ ಕೂಗಿದೆವು. ಭಾವ ಎದ್ದು ನಿಂತು, ಗಳಕ್ಕೆ ಕೈಕೊಟ್ಟು ಕೂಗಿದರು. ಚಿಕ್ಕಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ಅವನು ಎಷ್ಟು ಎಳೆದನೋ ಅದಕ್ಕಿಂತ ಒಂದು ಗೇಣು ಜಾಸ್ತಿಯೇ ಎಳೆದರು.

ಕೆಳಗಿನ ತೋಟದ ಕಡೆಯಿಂದ 'ಢಂ' ಅಂತ ಪಟಾಕಿ ಹೊಡೆಯಿತು. ಇನ್ನೊಂದು 'ಢಂ'. ನಾಯಿಗಳೆಲ್ಲ ಒಟ್ಟಿಗೆ ಶುರು ಮಾಡಿದವು. ಬೆದರಿದ ದನವೊಂದು ಕೊಟ್ಟಿಗೆಯಲ್ಲಿ ಬಾನಿ ಉರುಳಿಸಿತು. ಭಾವ ಪಕ್ಕದಲ್ಲಿದ್ದ ಸುಲಿದ ಅಡಿಕೆಯ ಡಬ್ಬದ ಮೇಲೆಯೇ ಬಿದ್ದು, ಸಿಪ್ಪೆಯೂ ಬೇಳೆಯೂ ಒಂದಾಯಿತು. ಟಾರ್ಚು ಹಿಡಿದು ಪಕ್ಕದ ಮನೆಯವರು ಓಡಿ ಬಂದರು. "ಎಷ್ಟು ಹಂದಿ ಇದ್ದವು? ಯಾವ ಕಡೆ ಹೋದವು?"

ಹಂದಿ ಅಲ್ಲ, ಇಂಗ್ಲೆಂಡಿನ ಹಾಡು ಅಂತ ಹೇಳಿ ಕೂರಿಸಿ ಕಷಾಯ ಕೊಟ್ಟೆವು. ಬೈಯುತ್ತಾರೆ ಅಂದುಕೊಂಡರೆ ಅವರು ಆ ಕೂಗನ್ನು ಮತ್ತೆ ಹಾಕಿಸಿ, ತಲೆ ಓರೆ ಮಾಡಿ ಕೇಳಿದರು. "ಇದನ್ನ ನಂಗೆ ಕಳಿಸಿ" ಅಂದರು. ಅವರು ಹಂದಿ ಓಡಿಸಲು ತೋಟದಲ್ಲಿ ರಾತ್ರಿಯೆಲ್ಲ ಒಂದು ಸ್ಪೀಕರ್ ಇಟ್ಟಿರುತ್ತಾರೆ. ಅಲ್ಲಿತನಕ ಅದರಲ್ಲಿ ನಾಯಿ ಬೊಗಳುವುದು ಇತ್ತು, ಹಂದಿಗಳಿಗೆ ಅದು ರೂಢಿಯಾಗಿ ಹೋಗಿತ್ತು.

ಮರುದಿನದಿಂದ ಕತ್ತಲಾದರೆ ಸಾಕು, ಕೆಳಗಿನ ತೋಟದಲ್ಲಿ 1985. ಕೆಲವು ದಿನ ಹಂದಿಗಳು ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ರಾತ್ರಿ ಹಿಂಡಾಗಿ ಬಂದು, ಸ್ಪೀಕರಿನ ಬುಡದಲ್ಲೇ ಬಾಳೆಗಡ್ಡೆ ಅಗೆದು ತಿಂದು ಹೋದವು.

ಸುದ್ದಿ ಹೇಳಲು ಫೋನ್ ಮಾಡಿದರೆ ಭಾವನಿಗೆ ಬೇಜಾರೇನೂ ಆಗಲಿಲ್ಲ. "ನಾನು ಅವತ್ತೇ ಹೇಳಿದ್ನಲ್ಲ" ಅಂದರು, "86ರದ್ದು ಹಾಕಬೇಕಿತ್ತು."