ಹಿರಿಯರ ವಿಮೆಯಲ್ಲಿ ಹೆಚ್ಚುವರಿ ಸೌಲಭ್ಯ: ನ್ಯೂಜೆರ್ಸಿಯಲ್ಲೊಂದು ಬಗೆ, ಕೋಲಾರದಲ್ಲೊಂದು ಬಗೆ

ನ್ಯೂಜೆರ್ಸಿಯಲ್ಲಿ ನೆಲೆಸಿದ್ದರೂ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿರುವ ಅಪ್ಪ ಅಮ್ಮನ ಆರೋಗ್ಯ ವಿಮೆಯನ್ನು ವರ್ಷವರ್ಷವೂ ನವೀಕರಿಸುವ ಹೊಣೆ ನನ್ನದು. ಇಲ್ಲಿನ ಕನ್ನಡ ಕೂಟದ ಹಿರಿಯರು ತಮ್ಮ ವಿಮೆಯ ಕಾಗದಗಳನ್ನು ತಂದು ಅರ್ಥ ಕೇಳುವುದೂ ಉಂಟು. ಎರಡೂ ಕಡೆಯ ಪಾಲಿಸಿಗಳನ್ನು ಓದುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಹೆಚ್ಚುವರಿ ಸೌಲಭ್ಯಗಳ ಪಟ್ಟಿ ಎಷ್ಟು ಉದ್ದವಾಗಿದೆ ಎಂಬುದರಿಂದ ಒಂದು ಯೋಜನೆಯನ್ನು ಅಳೆಯಬಾರದು. ಆ ಹಿರಿಯರು ವಾಸಿಸುವ ಊರಿನಲ್ಲಿ, ಅವರಿಗಿರುವ ಕಾಯಿಲೆಗೆ, ಆ ಸೌಲಭ್ಯ ನಿಜವಾಗಿ ದಕ್ಕುತ್ತದೆಯೇ ಎಂಬುದರಿಂದಲೇ ಅಳೆಯಬೇಕು.

ಅಮೆರಿಕದಲ್ಲಿ 65 ತುಂಬಿದವರಿಗೆ 1965ರ ಕಾನೂನಿನಿಂದ ಬಂದ ಸರ್ಕಾರಿ ಮೆಡಿಕೇರ್ ಇದೆ. ಅದು ಆಸ್ಪತ್ರೆ ಮತ್ತು ವೈದ್ಯರ ವೆಚ್ಚವನ್ನು ನೋಡಿಕೊಳ್ಳುತ್ತದೆಯೇ ಹೊರತು ಹಲ್ಲಿನ ಸಾಮಾನ್ಯ ಚಿಕಿತ್ಸೆ, ಕನ್ನಡಕ, ಕಿವಿಯ ಯಂತ್ರ ಇವುಗಳಿಗೆ ಬಹುಮಟ್ಟಿಗೆ ಹಣ ಕೊಡುವುದಿಲ್ಲ. ಈ ಬಿಟ್ಟ ಜಾಗವನ್ನೇ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ತುಂಬುತ್ತವೆ, ಮತ್ತು ಇಂದು ಅರ್ಹ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವುಗಳಲ್ಲಿದ್ದಾರೆ. ಹಲ್ಲು, ಕಣ್ಣು, ಕಿವಿ, ವ್ಯಾಯಾಮಶಾಲೆ, ಆಸ್ಪತ್ರೆಗೆ ಹೋಗಿಬರಲು ವಾಹನ, ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಮನೆಗೆ ಊಟ ಇವೆಲ್ಲ ಜಾಹೀರಾತಿನಲ್ಲಿ ಉಚಿತವೆಂದೇ ಕಾಣುತ್ತವೆ. ಆದರೆ ಸರ್ಕಾರ ಪ್ರತಿ ಸದಸ್ಯರಿಗಾಗಿ ಕಂಪನಿಗೆ ತಿಂಗಳು ತಿಂಗಳು ಹಣ ಕೊಡುತ್ತದೆ. ನಿಗದಿತ ಮಟ್ಟಕ್ಕಿಂತ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ಒದಗಿಸುವುದಾಗಿ ಕಂಪನಿ ಒಪ್ಪಿದರೆ, ಉಳಿಕೆಯ ಒಂದು ಪಾಲು ಈ ಸೌಲಭ್ಯಗಳಿಗೆ ಹೋಗುತ್ತದೆ. ಹಿರಿಯರು ವೈದ್ಯರ ವೆಚ್ಚ ನೋಡಿಕೊಳ್ಳುವ ಮೆಡಿಕೇರಿನ ಬಿ ಭಾಗದ ಕಂತನ್ನು (2025ರಲ್ಲಿ ಅದು ಸಾಮಾನ್ಯವಾಗಿ ತಿಂಗಳಿಗೆ 185 ಡಾಲರ್ ಇತ್ತು) ಕಟ್ಟುತ್ತಲೇ ಇರಬೇಕು.

ಇದಕ್ಕೆ ಪ್ರತಿಯಾಗಿ ಅವರು ಬಿಟ್ಟುಕೊಡುವುದು ವೈದ್ಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು. ತುರ್ತು ಸಂದರ್ಭ ಬಿಟ್ಟರೆ, ಹಲವು ಯೋಜನೆಗಳು ತಮ್ಮೊಂದಿಗೆ ಒಪ್ಪಂದ ಮಾಡಿಕೊಂಡ ಜಾಲದ ಆಸ್ಪತ್ರೆಗಳಿಗೆ ಮಾತ್ರ ಹಣ ಕೊಡುತ್ತವೆ, ದೊಡ್ಡ ಚಿಕಿತ್ಸೆಗೆ ಮುಂಚಿತವಾಗಿ ಅನುಮತಿ ಕೇಳುತ್ತವೆ. ಹಲ್ಲಿನ ಸೌಲಭ್ಯಕ್ಕೂ ವಾರ್ಷಿಕ ಮಿತಿ ಇರುವುದರಿಂದ, ಹಲ್ಲು ಶುಚಿಗೊಳಿಸುವುದಕ್ಕೆ ಸಾಲುವ ಹಣ ಹಲ್ಲುಸೆಟ್ಟಿಗೆ ಸಾಲದೇ ಹೋಗಬಹುದು. 2020ರಿಂದ ದೀರ್ಘಕಾಲದ ಕಾಯಿಲೆಯುಳ್ಳವರಿಗೆ ದಿನಸಿಯಂಥ ನೆರವನ್ನೂ ಕೊಡಲು ಅವಕಾಶವಾಗಿದೆ, ಆದರೆ ಅದು ಎಲ್ಲ ಸದಸ್ಯರಿಗೂ ಸಿಗುವುದಿಲ್ಲ.

ನಮ್ಮಂಥವರಿಗೆ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಊರಿನಲ್ಲಿ ಕಳೆಯುವ ಹಿರಿಯರಿಗೆ ವಿದೇಶದಲ್ಲಿ ತುರ್ತು ಚಿಕಿತ್ಸೆಗೆ ಹಣ ಕೊಡುವ ಸೌಲಭ್ಯ ವ್ಯಾಯಾಮಶಾಲೆಗಿಂತ ಎಷ್ಟೋ ಬೆಲೆಯುಳ್ಳದ್ದು, ಏಕೆಂದರೆ ಮೂಲ ಮೆಡಿಕೇರ್ ಅಮೆರಿಕದ ಹೊರಗೆ ಬಹುತೇಕ ಏನನ್ನೂ ಕೊಡುವುದಿಲ್ಲ. ಈ ಸೌಲಭ್ಯ ಕೆಲವು ಯೋಜನೆಗಳಲ್ಲಿ ಇದೆ. ಆದರೆ ಅದೇ ಯೋಜನೆಯ ಸೇವಾ ಪ್ರದೇಶದಿಂದ ಸತತವಾಗಿ 6 ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಸಾಮಾನ್ಯವಾಗಿ ಸದಸ್ಯತ್ವವೇ ರದ್ದಾಗುತ್ತದೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಯೋಜನೆ ಬದಲಿಸುವ ಅವಧಿಯಲ್ಲಿ, ಊರಿಗೆ ಹೋಗಲಿರುವ ಹಿರಿಯರು ಮೊದಲು ಕೇಳಬೇಕಾದದ್ದು ಇದನ್ನೇ.

ಕೋಲಾರದ ಕಡೆ ತಿರುಗಿದರೆ ಚಿತ್ರ ತಿರುವುಮುರುವು. ಅಲ್ಲಿನ ಹೆಚ್ಚುವರಿ ಸೌಲಭ್ಯಗಳು ಹಿರಿಯರ ದಿನನಿತ್ಯದ ಬದುಕಿಗಿಂತ ವಿಮೆಯ ಮೊತ್ತವನ್ನೇ ಸುತ್ತುತ್ತವೆ: ಕ್ಲೇಮು ಮಾಡದ ವರ್ಷಕ್ಕೆ ಬೋನಸ್, ಮೊತ್ತ ಮುಗಿದರೆ ಮತ್ತೆ ತುಂಬಿಕೊಡುವುದು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ. ಕೇಳಲು ಹಿತವಾದ ಈ ಸೌಲಭ್ಯಗಳ ಪಕ್ಕದಲ್ಲೇ, ಬಿಲ್ಲಿನ ಒಂದು ಪಾಲನ್ನು ನಾವೇ ಕಟ್ಟಬೇಕೆನ್ನುವ ಕೋ-ಪೇ ಷರತ್ತು ಕುಳಿತಿರುತ್ತದೆ. 5 ಲಕ್ಷದ ಪಾಲಿಸಿ ಬೋನಸ್ ಸೇರಿ ಏಳೂವರೆ ಲಕ್ಷವಾಗಿದೆ ಎಂದುಕೊಳ್ಳೋಣ. ಆಸ್ಪತ್ರೆಯ ಬಿಲ್ಲು 2 ಲಕ್ಷ ಬಂದು, ಶೇಕಡಾ 20ರ ಕೋ-ಪೇ ಇದ್ದರೆ, ಮನೆಯವರು 40 ಸಾವಿರ ರೂಪಾಯಿಯನ್ನು ಕೈಯಿಂದಲೇ ಕಟ್ಟಬೇಕು, ಬೋನಸ್ಸಿನ ಎರಡೂವರೆ ಲಕ್ಷ ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಕೊಠಡಿ ಬಾಡಿಗೆಯ ಮಿತಿ ಇನ್ನೂ ಕಠಿಣ. ದಿನಕ್ಕೆ 3 ಸಾವಿರದ ಮಿತಿಯಿರುವವರು 6 ಸಾವಿರದ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ ಮುಂತಾದವುಗಳಿಗೂ ಕಂಪನಿ ಅದೇ ಪ್ರಮಾಣದಲ್ಲಿ ಅರ್ಧವನ್ನು ಕಡಿತ ಮಾಡಬಹುದು. ಆದ್ದರಿಂದ ಹೆಚ್ಚುವರಿ ಪ್ರೀಮಿಯಂ ಕಟ್ಟುವ ಶಕ್ತಿಯಿದ್ದವರು ಬೋನಸ್ ಹೆಚ್ಚಿಸಿಕೊಳ್ಳುವ ಬದಲು, ಕೋ-ಪೇ ಮತ್ತು ಬಾಡಿಗೆ ಮಿತಿಯನ್ನು ತೆಗೆಸುವ ಆಯ್ಕೆಗೆ ಕಟ್ಟುವುದು ಮೇಲು ಎಂಬುದು ನನ್ನ ಅಭಿಪ್ರಾಯ.

2024ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನವರಿಗೂ ಸಲ್ಲುವ ಪಾಲಿಸಿಗಳನ್ನು ಕಂಪನಿಗಳು ಒದಗಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ, ಮೊದಲೇ ಇದ್ದ ಕಾಯಿಲೆಗಳ ಚಿಕಿತ್ಸೆಗೆ ಹಣ ಸಿಗುವವರೆಗೆ ಕಾಯುವ ಅವಧಿಯನ್ನು ಗರಿಷ್ಠ 36 ತಿಂಗಳಿಗೆ ಇಳಿಸಿದೆ. ಇವು ಒಳ್ಳೆಯ ಬದಲಾವಣೆಗಳು. ಆದರೂ ಸಕ್ಕರೆ ಕಾಯಿಲೆಯಿರುವ 72 ವರ್ಷದವರಿಗೆ 3 ವರ್ಷ ಕಾಯುವುದು ಸಣ್ಣ ಮಾತಲ್ಲ. ಈ ಅವಧಿಯನ್ನು ಕಡಿಮೆ ಮಾಡಿಕೊಡುವ ಆಯ್ಕೆ ಪಾಲಿಸಿಯಲ್ಲಿದ್ದರೆ, ಹಿರಿಯರಿಗೆ ಅದಕ್ಕಿಂತ ಬೆಲೆಬಾಳುವ ಹೆಚ್ಚುವರಿ ಸೌಲಭ್ಯ ಮತ್ತೊಂದಿಲ್ಲ.

ಇನ್ನು ಕೈಗೆಟುಕುವ ಪ್ರಶ್ನೆ. ಮನೆಗೇ ಬಂದು ರಕ್ತಪರೀಕ್ಷೆ ಮಾಡುತ್ತಾರೆ, ಜಾಲದ ಕ್ಲಿನಿಕ್ಕಿನಲ್ಲಿ ಹೊರರೋಗಿ ಚಿಕಿತ್ಸೆ ಉಚಿತ ಎಂಬಂಥ ಸೌಲಭ್ಯಗಳು ಬೆಂಗಳೂರಿನವರಿಗೆ ಹೇಳಿ ಮಾಡಿಸಿದಂತಿರುತ್ತವೆ. ಶ್ರೀನಿವಾಸಪುರದಲ್ಲೋ ಮುಳಬಾಗಿಲಿನಲ್ಲೋ ಇರುವವರು, ಜಾಲದ ಪಟ್ಟಿಯಲ್ಲಿ ಕೋಲಾರ ಪಟ್ಟಣದ ಯಾವ ಆಸ್ಪತ್ರೆಯಿದೆ, ತಮ್ಮ ಪಾಲಿಸಿಗೆ ಅಲ್ಲಿ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಉಂಟೇ ಎಂದು ಆಸ್ಪತ್ರೆಯ ವಿಮಾ ಕೌಂಟರಿಗೇ ಫೋನು ಮಾಡಿ ಕೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳು ಹಾಲಿನ ಡೇರಿಯ ಸದಸ್ಯತ್ವ ಹೊಂದಿರುವುದರಿಂದ ಸಹಕಾರಿಗಳ ಯಶಸ್ವಿನಿ ಯೋಜನೆಗೂ ಅರ್ಹವಾಗಿರುತ್ತವೆ; ಅದನ್ನು ಪರಿಶೀಲಿಸದೆ ಖಾಸಗಿ ಪಾಲಿಸಿಗೆ ಹೆಚ್ಚುವರಿ ಹಣ ಸುರಿಯುವುದು ಸರಿಯಲ್ಲ.

ಒಂದು ವಿಷಯದಲ್ಲಿ ಮಾತ್ರ ಅಮೆರಿಕದ ಬಗೆಯನ್ನು ನಮ್ಮ ಕಂಪನಿಗಳು ಅನುಸರಿಸಲಿ ಎಂದು ಮನಸಾರೆ ಬಯಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಸೀಮೆಯಲ್ಲಿ ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಮತ್ತು ಮೂಳೆ ಕೆಡಿಸಿಕೊಂಡ ಒಂದು ತಲೆಮಾರೇ ಇಂದು ಮುಪ್ಪಿಗೆ ಬರುತ್ತಿದೆ. ಆದರೆ ಹಲ್ಲಿನ ಚಿಕಿತ್ಸೆ, ಅಪಘಾತದ ಸಂದರ್ಭವನ್ನು ಬಿಟ್ಟರೆ, ಸಾಮಾನ್ಯ ಪಾಲಿಸಿಗಳ ಹೊರಗೇ ಉಳಿದಿದೆ. ಕನ್ನಡಕ ಮತ್ತು ಕಿವಿಯ ಯಂತ್ರಗಳ ಗತಿಯೂ ಅದೇ. ಊಟ ಅಗಿಯಲಾರದ, ಮಾತು ಕೇಳಿಸದ ಹಿರಿಯರಿಗೆ ಮಿತಿಯೊಳಗಾದರೂ ಈ ಮೂರನ್ನು ಕೊಡುವ ಪಾಲಿಸಿ, ಬೋನಸ್ ಸೇರಿ ಏಳೂವರೆ ಲಕ್ಷವಾಗಿ ಬೆಳೆದ ಮೊತ್ತಕ್ಕಿಂತ ಹೆಚ್ಚು ಆರೋಗ್ಯವನ್ನು ಕೊಟ್ಟೀತು.

ಅಲ್ಲಿಯವರೆಗೆ, ಪಾಲಿಸಿಯ ಜೊತೆ ಕಂಪನಿ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ. ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಕೋ-ಪೇ, ಒಂದೊಂದು ವೆಚ್ಚಕ್ಕೆ ಹಾಕಿದ ಉಪಮಿತಿ, ಕಾಯುವ ಅವಧಿ, ಹೊರಗಿಟ್ಟ ಚಿಕಿತ್ಸೆಗಳು ಅದರಲ್ಲಿ ಒಂದೆಡೆ ಇರುತ್ತವೆ. ಓದಿದ ಮೇಲೆ ಒಪ್ಪಿಗೆಯಾಗದಿದ್ದರೆ ಹೊಸ ಪಾಲಿಸಿಯನ್ನು 30 ದಿನದೊಳಗೆ ಹಿಂತಿರುಗಿಸಬಹುದು. ಕ್ಲೇಮು ತಿರಸ್ಕರಿಸಿದ ಬಗ್ಗೆ ಕಂಪನಿಗೆ ಬರೆದ ದೂರಿಗೆ ಒಂದು ತಿಂಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ, ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಯಾವ ಶುಲ್ಕವೂ ಇಲ್ಲದೆ, ವಕೀಲರಿಲ್ಲದೆ, ಹಿರಿಯರೇ ದೂರು ಕೊಡಬಹುದು.