ಸ್ಪಷ್ಟನೆ: ಮಲೇರಿಯಾದ ಪ್ರತಿಕಾಯ ಇಂಜೆಕ್ಷನ್ ಜ್ವರ ಇಳಿಸುವ ಔಷಧಿಯಲ್ಲ

'ಒಂದೇ ಇಂಜೆಕ್ಷನ್, ಮಲೇರಿಯಾ ವಾಸಿ. ಮುಂದೆ ಜೀವಮಾನದಲ್ಲಿ ಬರುವುದಿಲ್ಲ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇಂಜೆಕ್ಷನ್ ಇರುವುದು ನಿಜ, ಉಳಿದದ್ದು ತಪ್ಪು.

ಅದರ ಹೆಸರು ಎಲ್‌9ಎಲ್‌ಎಸ್. ಮಲೇರಿಯಾ ಲಸಿಕೆ ಪಡೆದ ಸ್ವಯಂಸೇವಕರ ರಕ್ತದಲ್ಲಿ ಸಿಕ್ಕ ಪ್ರತಿಕಾಯವೇ (ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನ್, ಆ್ಯಂಟಿಬಾಡಿ) ಇದರ ಮೂಲ. ದೇಹದಲ್ಲಿ ಹೆಚ್ಚು ಕಾಲ ಉಳಿಯುವಂತೆ ಅದರ ಬಾಲದ ಭಾಗವನ್ನು ತುಸು ಬದಲಿಸಲಾಗಿದೆ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ 6ರಿಂದ 10 ವರ್ಷದ ಮಕ್ಕಳಿಗೆ ಚರ್ಮದಡಿ ಒಮ್ಮೆ ಕೊಟ್ಟು, 24 ವಾರ ಗಮನಿಸಿದರು. ಜ್ವರ ಬರಿಸುವ ಮಲೇರಿಯಾ ವಿರುದ್ಧ 300 ಮಿ.ಗ್ರಾಂ.ಗೆ ಶೇ 77, 150 ಮಿ.ಗ್ರಾಂ.ಗೆ ಶೇ 67 ರಕ್ಷಣೆ ಸಿಕ್ಕಿತು. ಆರು ತಿಂಗಳಿಗೂ ಕಡಿಮೆ ಅವಧಿಯ ಈ ಅಂಕಿಯೇ 'ಜೀವಮಾನ' ಆಗಿಬಿಟ್ಟಿದೆ!

ವಾಸಿ ಮಾಡದಿರಲು ಕಾರಣವಿದೆ. ಸೊಳ್ಳೆ ಕಚ್ಚಿದಾಗ ಒಳಬರುವ, ಮಲೇರಿಯಾ ಪರಾವಲಂಬಿಯ ಮೊದಲ ರೂಪವಾದ ಸ್ಪೋರೋಜಾಯಿಟ್‌ನ ಮೈಮೇಲಿನ ಒಂದು ಪ್ರೋಟೀನಿಗೆ ಈ ಪ್ರತಿಕಾಯ ಅಂಟಿಕೊಂಡು, ಅದು ಯಕೃತ್ತಿಗೆ ಹೊಗದಂತೆ ತಡೆಯುತ್ತದೆ. ಯಕೃತ್ತಿನಿಂದ ಹೊರಬಂದು ಕೆಂಪು ರಕ್ತಕಣಕ್ಕೆ ನುಗ್ಗುವ ಪರಾವಲಂಬಿಯ ಮೈಮೇಲೆ ಆ ಪ್ರೋಟೀನೇ ಇರುವುದಿಲ್ಲ. ಜ್ವರ ಬರುವುದು ಈ ಹಂತದಲ್ಲಿ. ಹಾಗಾಗಿಯೇ ಪ್ರಯೋಗದಲ್ಲಿ ಮೊದಲು ಆರ್ಟಿಮೆಥರ್-ಲುಮೆಫ್ಯಾಂಟ್ರಿನ್ ಮಾತ್ರೆ ಕೊಟ್ಟು ರಕ್ತದಲ್ಲಿದ್ದ ಸೋಂಕನ್ನು ತೆಗೆದಿದ್ದರು.

ಇನ್ನೊಂದು ಮಾತು, ಮಂಗಳೂರು ಕಡೆಯವರಿಗೆ ಮುಖ್ಯ. ಮಲೇರಿಯಾ ಪರಾವಲಂಬಿಯಲ್ಲಿ ಹಲವು ಬಗೆ; ಇದು ಫಾಲ್ಸಿಪಾರಂ ಎಂಬ ಬಗೆಗಾಗಿ ಮಾಡಿದ್ದು. ಕರಾವಳಿಯಲ್ಲಿ ಹೆಚ್ಚು ಕಂಡುಬಂದಿರುವ ಇನ್ನೊಂದು ಬಗೆಯಾದ ವೈವಾಕ್ಸ್‌ಗೆ ಆ ಪ್ರೋಟೀನಿನ ರಚನೆಯೇ ಬೇರೆ. ಯಕೃತ್ತಿನಲ್ಲಿ ಅಡಗಿ ಮತ್ತೆ ಮರುಕಳಿಸುವ ವೈವಾಕ್ಸ್‌ಗೆ ವೈದ್ಯರು ಬರೆದುಕೊಡುವ 14 ದಿನದ ಪ್ರಿಮಾಕ್ವಿನ್ ಕೋರ್ಸನ್ನು ಈ ಸಂದೇಶ ನಂಬಿ ಅರ್ಧಕ್ಕೆ ಬಿಡಬೇಡಿ. ಚಳಿಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ.